ಜೂನ್ ಹದಿನೆಂಟರ ಖಾಲಿ ಸಾಲು

ಆಗಸ್ಟ್ 4, ಸೋಮವಾರ

ಇವತ್ತು ನಲವತ್ತೊಂದು ಮುದ್ರೆ. ಕೋರ್ಟಿನ ಮೆಟ್ಟಿಲ ಮೇಲೆ ಯಾರೋ ಉಗುಳಿದ ಎಲೆಅಡಿಕೆಯನ್ನು ತುಳಿದುಕೊಂಡು ಬಂದವರು ನನ್ನ ಮೇಜಿನ ಮುಂದೆ ನಿಂತು ಸತ್ಯವನ್ನೇ ಹೇಳುತ್ತೇವೆಂದು ಪ್ರಮಾಣ ಮಾಡಿದರು. ಮಾರ್ಕ್ಸ್ ಕಾರ್ಡ್ ಕಳೆದಿದೆ, ಹೆಸರು ತಪ್ಪಾಗಿದೆ, ತಂಗಿ ತನ್ನ ಪಾಲನ್ನು ಮನಸಾರೆ ಬಿಟ್ಟುಕೊಟ್ಟಿದ್ದಾಳೆ. ಮನಸಾರೆಯಂತೆ! ಆ ತಂಗಿಯ ಮುಖ ನೋಡಿದರೆ ಸಾಕಿತ್ತು. ಅರ್ಧಕ್ಕರ್ಧ ಜನ ತಮ್ಮ ಕಾಗದವನ್ನು ತಾವೇ ಓದಿರುವುದಿಲ್ಲ. ನಾನಂತೂ ಓದುವುದೇ ಇಲ್ಲ. ಗುಮಾಸ್ತ ರಂಗಣ್ಣ ಪುಟ ತಿರುವುತ್ತಾನೆ, ನಾನು ಗುದ್ದುತ್ತೇನೆ. ಹತ್ತೊಂಬತ್ತು ವರ್ಷದಿಂದ ಇದೇ ನೋಟರಿ ಕೆಲಸ. ನೇರಳೆ ಮಸಿ ಉಗುರಿನ ಸಂದಿಗೆ ಇಳಿದು ಊಟದ ತುತ್ತಿನಲ್ಲೂ ಅದೇ ವಾಸನೆ. ಥೂ.

ಮಧ್ಯಾಹ್ನ ತಮ್ಮ ಜಂಬುನಾಥ ಫೋನ್ ಮಾಡಿದ. ಹಡಗಿನ ಕ್ಯಾಪ್ಟನ್. ಕಲ್ಲುಗುಡ್ಡದ ಕುರುಗೋಡಿನಿಂದ ಸಮುದ್ರಕ್ಕೆ ಹೋದ ಮೊದಲ ಮನುಷ್ಯ ನನ್ನ ಮಗನೇ ಎಂದು ಅವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ರಜೆಗೆ ಬಂದು ಎರಡು ತಿಂಗಳಾಯಿತು.

“ಅಕ್ಕ, ನನಗೊಂದು ಸೀ ಪ್ರೊಟೆಸ್ಟ್ ಮಾಡ್ಕೊಡಬೇಕು.”

“ಹಂಗಂದ್ರೇನಲೇ?”

“ಹಡಗಿನ್ಯಾಗ ಸರಕು ಕೆಟ್ರ ಕ್ಯಾಪ್ಟನ್ ಆದವ ನೋಟರಿ ಮುಂದ ಪ್ರಮಾಣ ಮಾಡ್ತಾನ. ಗಾಳಿ ಜೋರಿತ್ತು, ಅಲೆ ಜೋರಿತ್ತು, ನಮ್ಮ ತಪ್ಪಿಲ್ಲ ಅಂತ. ನಾಳೆ ಸರಕಿನವ್ರು ದಾವಾ ಹಾಕಿದ್ರ ನಮ್ಮನ್ನ ಕಾಯೋದು ಅದೇ.”

ಏಪ್ರಿಲ್‌ನಲ್ಲಿ ಕಾಕಿನಾಡದಿಂದ ಆಫ್ರಿಕಾಕ್ಕೆ ಅಕ್ಕಿ ಒಯ್ದಿದ್ದ. ಅದು ನೆನೆದು ಹಾಳಾಗಿದೆ. ಅಲ್ಲಿಯ ಬಂದರಿನಲ್ಲಿ ಅರ್ಧ ಪುಟದ ಪ್ರೊಟೆಸ್ಟ್ ಮಾಡಿದ್ದಾನೆ. ಈಗ ವಿವರವಾದದ್ದು ಬೇಕು, ಊರಿಗೆ ಬಂದ ಕೂಡಲೇ ಬರೆದಂತೆ ಕಾಣಲು ಅದಕ್ಕೆ ಜೂನ್ ತಿಂಗಳ ತಾರೀಖೇ ಇರಬೇಕು. ಇದು ಆಗಸ್ಟ್.

ಅದೇನು ದೊಡ್ಡ ಮಾತಲ್ಲ. ನೋಟರಿ ರಿಜಿಸ್ಟರಿನಲ್ಲಿ ಪ್ರತಿ ಕಾಗದಕ್ಕೂ ಒಂದು ಸಾಲು, ಒಂದು ನಂಬರು. ರಂಗಣ್ಣ ವಾರಕ್ಕೆ ಎರಡು ಸಾಲು ಖಾಲಿ ಬಿಡುತ್ತಾನೆ. ಹಳೇ ತಾರೀಖು ಬೇಕಾದವರು ಬರುತ್ತಲೇ ಇರುತ್ತಾರಲ್ಲ! ಕೋರ್ಟ್ ಕಾಂಪೌಂಡಿನ ನೋಟರಿಗಳೆಲ್ಲ ಮಾಡುವುದು ಇದನ್ನೇ. “ಜೂನ್ ಹದಿನೆಂಟು ಖಾಲಿ ಐತಿ ನೋಡು,” ಎಂದೆ ಜಂಬುವಿಗೆ.

ಆಮೇಲೆ ಕಾಯ್ದೆ ಪುಸ್ತಕ ತೆಗೆದು ನೋಡಿದೆ. ನೋಟರಿಯ ಕೆಲಸಗಳ ಪಟ್ಟಿಯಲ್ಲಿ ನಿಜವಾಗಿಯೂ ಹಡಗಿನ ಪ್ರೊಟೆಸ್ಟ್ ಇದೆ. ದೋಣಿಯದ್ದೂ ಇದೆ. ಹಗರಿ ಹೊಳೆಯಲ್ಲಿ ನೀರು ಬಂದರೆ ಬಳ್ಳಾರಿಯ ಜನ ಬೈಕ್ ಹತ್ತಿ ನೋಡಲು ಹೋಗುತ್ತಾರೆ. ಇಂಥ ಊರಿನಲ್ಲಿ ಕೂತವಳಿಗೆ ಸಮುದ್ರದ ಬಿರುಗಾಳಿಗೆ ಮುದ್ರೆ ಹಾಕುವ ಅಧಿಕಾರ. ರಂಗಣ್ಣನಿಗೆ ಹಿಗ್ಗೋ ಹಿಗ್ಗು. “ಮೇಡಂ, ಬಳ್ಳಾರ್ಯಾಗ ಫಸ್ಟ್ ಹಡಗು ನಮ್ದಾ ಆತ್ರಿ,” ಎನ್ನುತ್ತ ಮಿರ್ಚಿ ತರಿಸಿದ. ಎಣ್ಣೆ ಹಳತು. ಎದೆ ಉರಿ.

ಆಗಸ್ಟ್ 10, ಭಾನುವಾರ

ಕುರುಗೋಡಿಗೆ ಹೋಗಿದ್ದೆ. ಜಂಬು ಮೈತುಂಬ ಸೆಂಟು ಪೂಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಹನ್ನೆರಡು ಪುಟದ ಇಂಗ್ಲಿಷ್ ಕರಡು ಕೈಗಿಟ್ಟ. ಕಂಪನಿಯ ವಕೀಲರು ಬರೆದದ್ದು. ಬ್ಯಾಗಿಗೆ ತುರುಕಿಕೊಂಡೆ.

ಸಹಿ ಮಾಡಬೇಕಾದ ಇನ್ನೊಬ್ಬ ಆಸಾಮಿ ಅಂಗಳದಲ್ಲಿ ನಿಂತಿದ್ದ. ಹುಲುಗೇಶ ಅಂತ. ಸಿರುಗುಪ್ಪದ ಹತ್ತಿರ ಕೆಂಚನಗುಡ್ಡದವನು, ಹೊಳೆಯಲ್ಲಿ ಹರಿಗೋಲು ಹಾಕುವವರ ಮನೆತನ. ನೀರಿಗೆ ಹೆದರದವನು ಎಂದು ಆರು ವರ್ಷದ ಹಿಂದೆ ಜಂಬುವೇ ಹಡಗಿಗೆ ಸೇರಿಸಿದ್ದ. ಡೆಕ್ಕಿನ ಮೇಲೆ ಕೆಲಸ. ಮೂವತ್ತೈದಾಗಿರಬೇಕು. ಕೂತುಕೋ ಅಂದರೆ ಕೂರುವುದಿಲ್ಲ, ಕೇಳಿದ್ದಕ್ಕೆಲ್ಲ “ಹೂನ್ರಿ”. ಇಂಥವರನ್ನು ಕಂಡರೆ ನನಗೆ ರೇಗುತ್ತದೆ.

ಅವ್ವ ಅವನಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಕೊಟ್ಟಳು. ಅವನ ಕೈ ನೋಡಿದೆ. ಬೆರಳ ತುದಿಯ ಚರ್ಮ ಸುಲಿದು ಕೆಂಪಗೆ ನುಣ್ಣಗಾಗಿತ್ತು. ಅಸಹ್ಯವಾಯಿತು. ಮುಖ ತಿರುಗಿಸಿದೆ.

“ನಮ್ಮ ಜಂಬುಗ ಮುಂದಿನ ಸರ್ತಿ ಇದಕ್ಕಿಂತ ದೊಡ್ಡ ಹಡಗಂತ,” ಎಂದಳು ಅವ್ವ. ಜಂಬು ನಗಲಿಲ್ಲ. ಸೆಂಟಿಗೂ ಸೆಕೆಗೂ ನನಗೆ ತಲೆ ಸಿಡಿಯುತ್ತಿತ್ತು, ಬೇಗ ಬಸ್ಸು ಹತ್ತಿದೆ.

ಆಗಸ್ಟ್ 14, ಗುರುವಾರ

ಎಂಥ ವಾಸನೆ! ಎರಡು ಸಲ ಸ್ನಾನ ಮಾಡಿದರೂ ಮೂಗಿನಿಂದ ಹೋಗಿಲ್ಲ.

ಸಿರುಗುಪ್ಪದ ಚಿದಾನಂದಪ್ಪನವರ ಕಾಲು ಮುರಿದಿದೆ, ಓಡಾಡುವಂತಿಲ್ಲ. ಅವರ ರೈಸ್ ಮಿಲ್ಲಿನ ಪಾಲುದಾರಿಕೆ ಪತ್ರಕ್ಕೆ ಮುದ್ರೆ ಹಾಕಲು ನಾನೇ ಹೋಗಬೇಕಾಯಿತು. ಮಿಲ್ಲಿನ ಆಫೀಸಿನಲ್ಲಿ ಕೂಡಿಸಿದರು. ಗೋಡೆಗೆ ಒರಗಿಸಿದ್ದ ಚೀಲಗಳ ಮೇಲೆ ಜೋಡಿ ಎತ್ತಿನ ಗುರುತು. ಜಂಬುವಿನ ಕರಡಿನ ಮೊದಲ ಪುಟದಲ್ಲಿ ಸರಕಿಗೆ ಇದೇ ಗುರುತಿನ ಹೆಸರು ಕಣ್ಣಿಗೆ ಬಿದ್ದ ನೆನಪು.

“ಯಾವೂರಿಗೆ ಹೋಗ್ತಾವ್ರಿ ಇವು?” ಎಂದೆ.

ಮುದುಕರಿಗೆ ಅಷ್ಟೇ ಸಾಕಾಗಿತ್ತು. ಮೇಜಿನ ಕೆಳಗಿಂದ ಗಂಟು ಹಾಕಿದ ಪಾಲಿಥೀನ್ ಚೀಲ ತೆಗೆದರು. “ನೋಡ್ರಿ ಮೇಡಂ, ಇದು ನಮ್ಮ ಅಕ್ಕಿ. ಆಫ್ರಿಕಾಕ್ಕ ಹೋಗಿ ಸ್ಯಾಂಪಲ್ ಅಂತ ಹೊಳ್ಳಿ ಬಂದೈತಿ.” ಗಂಟು ಬಿಚ್ಚಿದರು.

ಕಪ್ಪು ಮುದ್ದೆ. ಅದರಲ್ಲಿ ಬಿಳಿ ಹುಳ ಒಣಗಿ ಅಂಟಿಕೊಂಡಿದ್ದವು. ವಾಸನೆ ಗಂಟಲಿಗೇ ಇಳಿಯಿತು. ಹೊರಗೆ ಹೋಗಿ ತೊಟ್ಟಿಯ ಪಕ್ಕದಲ್ಲಿ ಕಾರಿಕೊಂಡೆ. ನಲವತ್ತೊಂಬತ್ತು ವರ್ಷದ ಹೆಂಗಸು, ಹಮಾಲರೆಲ್ಲರ ಎದುರಿಗೆ.

“ಬಿರುಗಾಳಿ ಬಂದಿತ್ತು ಅಂತ ಬರ್ದಾನಂತ್ರಿ ಆ ಕ್ಯಾಪ್ಟನ್ನು,” ಎಂದರು ಚಿದಾನಂದಪ್ಪ, ನೀರು ಕೊಡಿಸುತ್ತ. “ನಮ್ಮ ವಕೀಲ್ರು ಹವಾಮಾನದ ಕಾಗದ ತಗಿಸಿದ್ರು. ಅವ ಹೇಳೋ ಏಳು ದಿನ ಸಮುದ್ರದಾಗ ಗಾಳಿನೇ ಇದ್ದಿಲ್ಲ. ಅನ್ನದ ಮ್ಯಾಲ ಸುಳ್ಳು ಹೇಳ್ತಾರಲ್ರಿ, ಇವ್ರು ಏನು ತಿಂತಾರ?”

ಆ ಕ್ಯಾಪ್ಟನ್ ನನ್ನ ತಮ್ಮ ಎಂದು ಹೇಳಲಿಲ್ಲ. ಪಾಲುದಾರಿಕೆ ಪತ್ರಕ್ಕೆ ಮುದ್ರೆ ಹಾಕಿ ಬಂದೆ.

ರಾತ್ರಿ ಅನ್ನ ಮಾಡಲಿಲ್ಲ. ರೊಟ್ಟಿ ಸಾಕು.

ಆಗಸ್ಟ್ 15, ಶುಕ್ರವಾರ

ಸತ್ಯನಾರಾಯಣಪೇಟೆಯ ಮೂಲೆ ಮೂಲೆಗೆ ಮೈಕು. ಹೊರಗೆ ಕಾಲಿಡುವಂತಿಲ್ಲ. ಬೇರೆ ಕೆಲಸವಿಲ್ಲದೆ ಕರಡು ಓದಿದೆ.

ಎಂಟು ಪುಟ ಬಿರುಗಾಳಿ. ಹಡಗು ಹೇಗೆ ಓಲಾಡಿತು, ಅಲೆ ಎಷ್ಟೆತ್ತರ ಎದ್ದಿತು, ಯಾವ ಗಂಟೆಗೆ ಎತ್ತ ತಿರುಗಿಸಿದರು. ಬರೆದವನು ಸಮುದ್ರವನ್ನೇ ನೋಡಿರಲಿಕ್ಕಿಲ್ಲ. ಒಂಬತ್ತನೇ ಪುಟದಲ್ಲಿ ಹುಲುಗೇಶನ ಹೇಳಿಕೆ. “ಸರಕಿನ ಕೋಣೆಯ ಮುಚ್ಚಳದ ಹಿಡಿಗಳನ್ನು ಬಿಗಿಯಾಗಿ ಹಾಕಬೇಕೆಂದು ಕ್ಯಾಪ್ಟನ್ ಅಪ್ಪಣೆ ಮಾಡಿದ್ದರು. ನಾನು ನಿದ್ದೆಗಣ್ಣಿನಲ್ಲಿ ಸಡಿಲವಾಗಿ ಬಿಟ್ಟೆ. ಇದು ಕೇವಲ ನನ್ನ ನಿರ್ಲಕ್ಷ್ಯ.”

ಮೂರು ಸಲ ಓದಿದೆ. ಬಿರುಗಾಳಿಯ ಕಥೆಯನ್ನು ಕೋರ್ಟು ನಂಬದಿದ್ದರೆ ಇರಲಿ ಎಂದು ಇವನನ್ನು ಇಟ್ಟುಕೊಂಡಿದ್ದಾರೆ. ಇದಕ್ಕೆ ಸಹಿ ಬಿದ್ದರೆ ಆಸಾಮಿಯನ್ನು ಇನ್ನು ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಗೊತ್ತಿದ್ದು ಒಪ್ಪಿದ್ದಾನೋ ಏನೋ. ಇಂಗ್ಲಿಷ್ ಬರುವಂತೆ ಕಾಣಲಿಲ್ಲ.

ನನಗೇಕೆ? ಮುದ್ರೆ ಹಾಕುವವಳು ನಾನು, ಬರೆದವಳಲ್ಲ. ಆದರೂ ಜಂಬುವಿಗೆ ಫೋನ್ ಮಾಡಿದೆ.

“ಒಂಬತ್ತನೇ ಪುಟ ಅವ ಓದ್ಯಾನೇನು?”

ಅದಕ್ಕೆ ಉತ್ತರ ಬಿಟ್ಟು ಬೇರೆಯೇ ಹೇಳಿದ. ಮುಚ್ಚಳದ ಸುತ್ತ ನೀರು ಒಳಗೆ ಬರದಂತೆ ಕೂಡಿಸಿದ ರಬ್ಬರು ಕೊಳೆತಿತ್ತಂತೆ. ಹೊಸದು ಕೊಡಿ ಎಂದು ಮೂರು ಸಲ ಕಂಪನಿಗೆ ಬರೆದನಂತೆ. ಅವರು ಕೊಡಲಿಲ್ಲ, ಇವನು ಹಾಗೇ ಹಡಗು ಬಿಟ್ಟ. “ಯಾರದರೆ ಒಬ್ಬರ ತಪ್ಪು ಬೇಕಂತಾರಕ್ಕ. ನನ್ನ ಹೆಸರು ಇಲ್ಲಾ ಅವನ ಹೆಸರು. ನಾನೇನು ಮಾಡ್ಲಿ?”

ಚಿಕ್ಕಂದಿನಲ್ಲಿ ಗಾಜಿನ ಲೋಟ ಒಡೆದಾಗ ಹೀಗೇ ಅಳುದನಿಯಲ್ಲಿ ಕೇಳುತ್ತಿದ್ದ. ಆಗ ನಾನೇ ಒಡೆದೆ ಅನ್ನುತ್ತಿದ್ದೆ. ಫೋನ್ ಇಟ್ಟೆ. ಹೊರಗೆ ಯಾರೋ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುತ್ತಿದ್ದರು. ಕಿಟಕಿ ಹಾಕಿಕೊಂಡೆ.

ಆಗಸ್ಟ್ 18, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಷರ ಸೊಟ್ಟಗಾಗುತ್ತಿವೆ. ಆಗಲಿ.

ಹನ್ನೊಂದಕ್ಕೆ ಇಬ್ಬರೂ ಬಂದರು. ರಂಗಣ್ಣ ರಿಜಿಸ್ಟರನ್ನು ಜೂನ್ ಹದಿನೆಂಟಕ್ಕೆ ಬಿಚ್ಚಿ, ಮಸಿಯ ಪ್ಯಾಡು ಒದ್ದೆ ಮಾಡಿ ಇಟ್ಟಿದ್ದ. ನಾನು ಕಾಗದ ಎತ್ತಿಕೊಂಡು ಕನ್ನಡದಲ್ಲಿ ಓದಿ ಹೇಳತೊಡಗಿದೆ. ಯಾಕೆ ಶುರುಮಾಡಿದೆನೋ ಗೊತ್ತಿಲ್ಲ. ಸೆಂಟಿನ ವಾಸನೆಗೇ ಮೈ ಉರಿಯುತ್ತಿತ್ತು ಅನ್ನಿಸುತ್ತದೆ.

“ಓದೋದು ಯಾಕಕ್ಕ? ಅವಂಗ ನಾ ಎಲ್ಲಾ ಹೇಳೀನಿ,” ಎಂದ ಜಂಬು.

“ನೀ ಹೇಳಿದ್ದು ನನಗ ಕೇಳ್ಸಿಲ್ಲ.”

ಹೊರಗೆ ಕಾದಿದ್ದವರು ಗೊಣಗಿ ಪಕ್ಕದ ನೋಟರಿ ದೊಡ್ಡಬಸವರಾಜನ ಹತ್ತಿರ ಹೋದರು. ಬಿರುಗಾಳಿ ಓದುವಾಗ ಹುಲುಗೇಶ ಸುಮ್ಮನಿದ್ದ. ಒಂಬತ್ತನೇ ಪುಟ ಬಂದಾಗ ತಲೆ ಎತ್ತಿ ನನ್ನನ್ನಲ್ಲ, ಜಂಬುವನ್ನು ನೋಡಿದ.

“ನಾನು ಹಾಕೀನಲ್ರಿ ಸಾಹೇಬ್ರ. ನಲವತ್ತೆಂಟು ಹಿಡಿ. ಎಣಿಸಿ ಹಾಕೀನಿ. ರಬ್ಬರು ಎಲ್ಲಿತ್ರಿ? ಬೆರಳು ಒತ್ತಿದ್ರ ಒಣಗಿದ ರೊಟ್ಟಿ ಮುರದಂಗ ಮುರೀತಿತ್ತು. ಮ್ಯಾಲ ಟೇಪ್ ಅಂಟಿಸು ಅಂದವ್ರು ನೀವಾ.”

“ಹುಲುಗೇಶ, ಇದು ಬರೇ ಕಾಗದ. ಮುಂದಿನ ಹಡಗಿಗೆ ನಾನು ಕರ್ಕಂಡು ಹೋಗ್ತೀನಿ.”

“ಸುಳ್ಳು ಹೇಳಬ್ಯಾಡಲೇ ಜಂಬು,” ಎಂದೆ. “ಇದಕ್ಕ ಸಹಿ ಮಾಡಿದ್ರ ಇವನ್ನ ಯಾರೂ ಹಡಗು ಹತ್ತಿಸಂಗಿಲ್ಲ. ನಿನಗೂ ಗೊತ್ತೈತಿ.”

ರಂಗಣ್ಣ ಕೆಮ್ಮಿದ. ಹುಲುಗೇಶ ತನ್ನ ಕೈ ನೋಡಿಕೊಳ್ಳುತ್ತ ನಿಂತ. ಆಮೇಲೆ, “ಕೊಡ್ರಿ ಮೇಡಂ, ಹಾಕ್ತೀನಿ. ನನ್ನ ಹಡಗು ಹತ್ತಿಸಿದವ್ರು ಅವರಾ,” ಎಂದ.

ಇಷ್ಟು ದಿನದಲ್ಲಿ ಅಷ್ಟು ಹೇಸಿಗೆ ನನಗೆ ಎಂದೂ ಆಗಿರಲಿಲ್ಲ. ಅವನ ಮೇಲೋ, ಜಂಬುವಿನ ಮೇಲೋ, ಆ ಪ್ಯಾಡಿನ ಮೇಲೋ. ಬಾಯಿ ಬಿಡುವಷ್ಟರಲ್ಲಿ ರಂಗಣ್ಣ ಅಭ್ಯಾಸದಂತೆ ಅವನ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ, ಹಾಳೆಯ ಅಂಚಿನಲ್ಲಿ ಊರಿದ. ಬರೀ ನೇರಳೆ ಕಲೆ. ಒಂದು ಗೆರೆಯೂ ಇಲ್ಲ. ಇನ್ನೊಮ್ಮೆ ಊರಿದ. ಅದೇ ಕಲೆ.

“ಎಲ್ಲೂ ಬೀಳಂಗಿಲ್ರಿ,” ಎಂದ ಹುಲುಗೇಶ, ತಪ್ಪು ಮಾಡಿದವನಂತೆ. “ರೇಷನ್ ಅಂಗಡ್ಯಾಗೂ ತಂಬ್ ತಗಳವಲ್ದು. ಕೊಳೆತ ಅಕ್ಕಿ ಒಂಬತ್ತು ದಿನ ಬಾಚಿದ್ವಿ. ಬಿಸಿ ಇತ್ರಿ, ಒಳಗ ಕುದ್ದಂಗ. ಆಮ್ಯಾಲ ಆ್ಯಸಿಡ್ ಹಾಕಿ ಕೋಣಿ ತೊಳದ್ವಿ. ಗ್ಲೌಸ್ ಮುಗದಿದ್ವು.”

ಜಂಬು ನೆಲ ನೋಡಿದ. ಗ್ಲೌಸ್ ಮುಗಿದದ್ದು ಕ್ಯಾಪ್ಟನ್ನನಿಗೆ ಗೊತ್ತಿರಲಿಲ್ಲವೇ?

ಹಾಳೆಯನ್ನು ಎಳೆದುಕೊಂಡು ಹರಿದೆ. ಮುದ್ರೆಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ.

“ಆ ಮುದ್ರಿ ಒತ್ತೋ ಮಷೀನು ಯಾರು ಕೊಡ್ಸಿದ್ದಕ್ಕ?” ಎಂದ ಜಂಬು. ಕೊಡಿಸಿದ್ದು ಅವನೇ, ಮೊದಲ ಸಂಬಳದಲ್ಲಿ. ಮೇಜಿನ ಮೇಲಿದ್ದ ಅದನ್ನೆತ್ತಿ ಅವನ ಮುಂದಿಟ್ಟು, “ತಗಂಡು ಹೋಗು,” ಎಂದೆ. ಮುಟ್ಟಲಿಲ್ಲ. ಎದ್ದು ಹೋದ. ಹುಲುಗೇಶ ನನಗೂ ಕೈ ಮುಗಿದು ಅವನ ಹಿಂದೆಯೇ ಓಡಿದ. ಓಡಿದ!

ಆಗಸ್ಟ್ 19, ಮಂಗಳವಾರ

ಅವ್ವನ ಫೋನ್. “ಒಂದು ಮುದ್ರಿ ಹಾಕಾಕ ನಿನ್ನ ಗಂಟೇನು ಹೋಗ್ತಿತ್ತು?” ಇಟ್ಟಳು.

ಆಗಸ್ಟ್ 23, ಶನಿವಾರ

ಈ ವಾರ ಕೆಲಸ ಅರ್ಧಕ್ಕಿಳಿದಿದೆ. ಜನ ದೊಡ್ಡಬಸವರಾಜನ ಕಡೆ ಸಾಲುಗಟ್ಟುತ್ತಿದ್ದಾರೆ. ಹೇಸಿಗೆಯ ಜನ, ಎರಡು ಪುಟ ಓದಿಸಿಕೊಳ್ಳುವಷ್ಟು ತಾಳ್ಮೆಯೂ ಇಲ್ಲ. ರಂಗಣ್ಣ ಮುಖ ಗಂಟಿಕ್ಕಿಕೊಂಡು ಕೂತಿರುತ್ತಾನೆ. ನಿನ್ನೆ ಒಬ್ಬ ತನ್ನ ತಮ್ಮನ ಸಹಿಯನ್ನೂ ತಾನೇ ಮಾಡಿ ತಂದಿದ್ದ, ಓದದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಹೋಗಯ್ಯ ಎಂದೆ.

ಮಧ್ಯಾಹ್ನ ಹುಲುಗೇಶ ಬಂದರು. ಜೊತೆಗೆ ಹೆಂಡತಿ ಪಂಪಾವತಿ. ಬಸ್ಸಿನಲ್ಲಿ ನಿಂತೇ ಬಂದಿದ್ದರು. ನನ್ನ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟೆ, ಬೇರೆ ಲೋಟ ತೊಳೆದಿರಲಿಲ್ಲ.

“ಆ ದಿನ ಓದಿದ್ರಲ್ಲಾ ಮೇಡಂ, ಅದು ಬ್ಯಾಡ. ನಾ ಹೇಳಿದಂಗ ಬರೀರಿ,” ಎಂದರು ಹುಲುಗೇಶ.

“ಹಡಗು ಹತ್ತಿಸಿದವ್ರು ಸಾಹೇಬ್ರು ಅಂತಿದ್ದಿಯಲ್ಲ?” ಎಂದೆ.

ಉತ್ತರ ಕೊಟ್ಟದ್ದು ಪಂಪಾವತಿ. “ಹತ್ತಿಸಿದ್ದೂ ಖರೆ. ಈಗ ನಡುನೀರಾಗ ಇಳಸಾಕ ಹೊಂಟಿದ್ದೂ ಖರೆ ಅಲ್ಲೇನ್ರಿ ಅಕ್ಕಾರ? ಎರಡೂ ಬರೀರಿ.”

ಎರಡನ್ನೂ ಬರೆದೆ. ರಂಗಣ್ಣ ಟೈಪ್ ಮಾಡಲು ಕೈ ನೋವು ಅಂದ, ನಾನೇ ಕುಟ್ಟಿದೆ. ಕೊಳೆತ ರಬ್ಬರು, ಟೇಪು, ನಲವತ್ತೆಂಟು ಹಿಡಿ, ಒಂಬತ್ತು ದಿನ, ಗ್ಲೌಸು. ಕನ್ನಡದಲ್ಲಿ ಎರಡು ಪುಟ. ಓದಿ ಹೇಳಿದೆ. “ಒಂಬತ್ತು ಅಲ್ರಿ, ಹತ್ತನೇ ದಿನ ಮಧ್ಯಾಹ್ನದ ತನಕ,” ಎಂದು ತಿದ್ದಿಸಿದರು. ಸಹಿ ಮಾಡಿದರು. ಹೆಬ್ಬೆರಳಿನ ಜಾಗದಲ್ಲಿ ಅದೇ ನೇರಳೆ ಕಲೆ. ಗೆರೆಗಳು ಏಕೆ ಬಿದ್ದಿಲ್ಲವೆಂದು ಕೆಳಗೆ ನನ್ನ ಕೈಯಾರೆ ಬರೆದು ಮುದ್ರೆ ಒತ್ತಿದೆ. ಇವತ್ತಿನ ತಾರೀಖು, ಇವತ್ತಿನ ನಂಬರು. ಒಂದು ಪ್ರತಿ ಬಂದರಿನ ಹಡಗು ಅಧಿಕಾರಿಗಳಿಗೆ, ಒಂದು ಚಿದಾನಂದಪ್ಪನವರ ವಕೀಲರಿಗೆ.

ನಾಳೆ ಜಂಬುವಿನ ಗತಿ ಏನು? ಅದನ್ನು ನೆನೆಯುವುದಿಲ್ಲ. ನೆನೆದರೆ ಗಾಜಿನ ಲೋಟವೇ ಕಣ್ಣಿಗೆ ಬರುತ್ತದೆ.

ಆಗಸ್ಟ್ 29, ಶುಕ್ರವಾರ

ಹಡಗು ಕಂಪನಿಯ ವಕೀಲರಿಂದ ರಿಜಿಸ್ಟರ್ಡ್ ಪೋಸ್ಟ್. ಹುಲುಗೇಶ ಅವರ ಹೇಳಿಕೆ ನಂಬಲು ಯೋಗ್ಯವಲ್ಲವಂತೆ. ಕಾರಣ, ಅದಕ್ಕೆ ಮುದ್ರೆ ಹಾಕಿದ ನೋಟರಿ ತನ್ನ ರಿಜಿಸ್ಟರಿನಲ್ಲಿ ಹಳೇ ತಾರೀಖಿಗೆಂದು ಸಾಲು ಖಾಲಿ ಬಿಡುವವಳು. ಉದಾಹರಣೆಗೆ ಜೂನ್ ಹದಿನೆಂಟು. ರಿಜಿಸ್ಟರನ್ನು ತರಿಸಿ ನೋಡಬೇಕೆಂದು ಕೋರ್ಟನ್ನು ಕೇಳುತ್ತಾರಂತೆ.

ಅದು ಅವರಿಗೆ ಹೇಗೆ ಗೊತ್ತು? ನಾನೇ ಬಾಯಾರೆ ಹೇಳಿದ್ದಲ್ಲವೇ, ನನ್ನ ತಮ್ಮನಿಗೆ.

ಅವನ ಮೇಲೆ ಕೂಗಾಡಬೇಕೆಂದು ಫೋನ್ ಎತ್ತಿಕೊಂಡೆ. ಏನೆಂದು ಕೂಗಾಡಲಿ? ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ರಿಜಿಸ್ಟರ್ ತೆಗೆದು ಎಣಿಸಿದೆ. ಈ ವರ್ಷದ್ದೇ ಅರವತ್ತೆರಡು ಸಾಲು. ಬಾಯಿಯಲ್ಲಿ ಹಲ್ಲು ಬಿದ್ದಂತೆ ಪುಟ ಪುಟಕ್ಕೂ ಎರಡೆರಡು ತೂತು. ಹಳೆಯ ರಿಜಿಸ್ಟರುಗಳಲ್ಲಿ ತುಂಬಿಸಿದ ಸಾಲುಗಳ ಲೆಕ್ಕ ಬೇರೆ. ಯಾರ ಯಾರ ತಂಗಿಯರ ಪಾಲು ಹೋಯಿತೋ ಅವುಗಳಲ್ಲಿ. ಕೆಂಚನಗುಡ್ಡದ ಮನುಷ್ಯ ಒಂದೇ ಒಂದು ನಿಜ ಹೇಳಿದ. ಅದು ಸೋಲುವುದು ನನ್ನ ಹೊಲಸಿನಿಂದ.

ಕೈ ತೊಳೆದೆ. ಮತ್ತೆ ತೊಳೆದೆ. ಮಸಿ ಹೋಗುವುದಿಲ್ಲ ಎಂದು ಗೊತ್ತಿದ್ದರೂ.

ಆಗಸ್ಟ್ 30, ಶನಿವಾರ

ಅರವತ್ತೆರಡು ಸಾಲಿಗೂ ಕೆಂಪು ಗೆರೆ ಎಳೆದು, “ಖಾಲಿ ಬಿಟ್ಟದ್ದು, ಇಂದು ರದ್ದು” ಎಂದು ಬರೆದು ಸಹಿ ಮಾಡಿದೆ. ಮೂರು ಗಂಟೆ ಹಿಡಿಯಿತು. ಜೂನ್ ಹದಿನೆಂಟಕ್ಕೆ ಬಂದಾಗ ಪೆನ್ನು ನಿಂತಿತು. ಮಸಿ ಮುಗಿದಿತ್ತಷ್ಟೆ.

ರಂಗಣ್ಣ ಎದುರಿಗೆ ನಿಂತು ಅಳುವುದೊಂದು ಬಾಕಿ. “ಮೇಡಂ, ಲೈಸೆನ್ಸ್ ಹೋಗತೈತ್ರಿ. ಇಬ್ರಿಗೂ ಮನಿ ಐತ್ರಿ.”

“ಹೌದು ರಂಗಣ್ಣ,” ಎಂದೆ. ಪಾಪ, ಅವನು ಈ ಪದ್ಧತಿ ಕಲಿತದ್ದೂ ಹಿಂದಿನ ನೋಟರಿಯ ಹತ್ತಿರ. ಬೇಡ ಅನ್ನದವಳು ನಾನು.

ಸಾಲು ರದ್ದು ಮಾಡಿದರೆ ಸಾಲದು. ಹತ್ತೊಂಬತ್ತು ವರ್ಷ ಏನು ಮಾಡಿದೆ, ಹುಲುಗೇಶ ಅವರ ಕಾಗದಕ್ಕೆ ಅದನ್ನು ಮಾಡಲಿಲ್ಲ ಎಂದು ನಾನೂ ಪ್ರಮಾಣ ಮಾಡಿ ಬರೆದುಕೊಡಬೇಕು. ನನ್ನ ಅಫಿಡವಿಟ್‌ಗೆ ನಾನೇ ಮುದ್ರೆ ಹಾಕಿಕೊಳ್ಳುವಂತಿಲ್ಲ.

ಸೆಪ್ಟೆಂಬರ್ 1, ಸೋಮವಾರ

ದೊಡ್ಡಬಸವರಾಜನ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಹಳೆಯ ಗಿರಾಕಿಗಳೇ ಹೆಚ್ಚು. ಯಾರೋ ಜಾಗ ಬಿಟ್ಟರು, ಬೇಡವೆಂದೆ. ಫ್ಯಾನು ಇರಲಿಲ್ಲ, ಮುಂದಿನವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನನ್ನ ಮುಂದೆ ಹನ್ನೊಂದು ಜನರಿಗೆ ಮುದ್ರೆ ಬಿತ್ತು, ಒಂದು ಪುಟವೂ ತೆರೆಯಲಿಲ್ಲ. ನಾನೂ ಹೀಗೆಯೇ ಕಾಣುತ್ತಿದ್ದೆನೇ?

“ಏನ್ ನೇತ್ರಾ ಮೇಡಂ, ನೀವು ನಮ್ಮ ಕಡೆ!” ಎಂದು ದೊಡ್ಡಬಸವರಾಜ ನಕ್ಕು, ನನ್ನ ಕಾಗದ ಎಳೆದುಕೊಂಡು ಮುದ್ರೆ ಎತ್ತಿದರು.

ಮುದ್ರೆಯ ಕೆಳಗೆ ಕೈ ಅಡ್ಡ ಇಟ್ಟೆ. “ಓದ್ರಿ.”

“ನೀವಾ ಬರದೀರಿ ಅಂದ ಮ್ಯಾಲ ಓದೋದೇನೈತ್ರಿ?”

“ಓದ್ರಿ ದೊಡ್ಡಬಸವರಾಜ. ನಾನು ಕುಂದರ್ತೀನಿ.”

ಓದಿದರು. ಮೊದಲ ಪುಟದಲ್ಲಿ ನಗು ಹೋಯಿತು. ಎರಡನೆಯದಕ್ಕೆ ಬಂದಾಗ ತಮ್ಮ ರಿಜಿಸ್ಟರನ್ನು ಮೊಣಕೈಯಿಂದ ಮೆಲ್ಲಗೆ ಮುಚ್ಚಿಕೊಂಡರು. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೇಜಿನ ಮೇಲೆ ಬಾಗಿ, ನನ್ನ ಒಳ್ಳೆಯದಕ್ಕೇ ಎಂಬಂತೆ ಮೆಲ್ಲಗೆ ಹೇಳಿದರು.

“ಮೇಡಂ, ಅವರ ನೋಟಿಸ್ ಬಂದ ಮ್ಯಾಲ ಬರದಿದ್ದು ಅಂದ್ರ ಅಂಜಿ ಬರದಂಗ ಕಾಣ್ತೈತ್ರಿ. ಹೋದ ಸೋಮವಾರದ್ದು ನನ್ನ ಹತ್ರ ಒಂದು ಸಾಲು ಖಾಲಿ ಐತಿ. ಆ ತಾರೀಖಿಗೆ ಹಾಕ್ಲೇನ್ರಿ?”

ಸಿರುಗುಪ್ಪದ ಆ ಅಕ್ಕಿಯ ವಾಸನೆ ಮತ್ತೆ ಮೂಗಿಗೆ ಬಂತು. ಕಾಗದವನ್ನು ಅವರ ಕಡೆಗೆ ಸರಿಸಿದೆ.

“ಇವತ್ತಿಂದೇ ಹಾಕ್ರಿ,” ಎಂದೆ.